ಕಾಲ ಕೆಳಗಿನ ಕಲ್ಲು

ಬಂಕಾಪುರದ ಕೋಟೆಯೊಳಗೆ
ನವಿಲು ಒದರುವ ಮೊದಲೇ ಮುಕ್ಕಾಲಿ ಊರಿದೆ.
ಹುಬ್ಬಳ್ಳಿಯ ಕಲ್ಯಾಣಮಂಟಪಗಳಲ್ಲಿ ಹನ್ನೊಂದು ವರ್ಷ
ಅಕ್ಕಿಕಾಳು ತಲೆಗೆ ತಾಗುವ ಗಳಿಗೆಯನ್ನೇ ಹಿಡಿದವಳು ನಾನು;
ಇಲ್ಲಿ ಯಾರೂ ಕಣ್ಣು ಮಿಟುಕಿಸುವುದಿಲ್ಲ,
ಇನ್ನೊಂದು ತೆಗೀರಿ ಅನ್ನುವುದಿಲ್ಲ.
ಕಂಬಗಳು ನಿಂತಲ್ಲೇ ನಿಂತಿವೆ
ಮುಹೂರ್ತ ಮೀರಿದ್ದು ಗೊತ್ತಿದ್ದೂ ಏಳದ ಬೀಗರ ಹಾಗೆ.

ಮೂವತ್ತು ಡಿಗ್ರಿಗೊಂದು. ಹನ್ನೆರಡು ತಿರುವು.
ಆಮೇಲೆ ಕಣ್ಣೆತ್ತಿ ಆರು: ತೊಲೆ, ಕಮಲ, ಬಾವಲಿಯ ಕರೆ.
ಆಮೇಲೆ ತಲೆ ತಗ್ಗಿಸಿ ಆರು.
ಕ್ಯಾಮೆರಾ ತಿರುಗಿದಂತೆ ನಾನೂ ಅದರ ಬೆನ್ನ ಹಿಂದೆ ತಿರುಗಬೇಕು,
ಸಿಕ್ಕಬಾರದು.
ಪ್ರದಕ್ಷಿಣೆ ಅಂದುಕೊಂಡೆ ಮೊದಲ ದಿನ.
ಎರಡನೆಯ ದಿನ ಗೊತ್ತಾಯಿತು, ಕಣ್ಣಾಮುಚ್ಚಾಲೆ.

ಕಂಪನಿಯ ಕರಾರು: ಮನುಷ್ಯರು ಕಾಣಕೂಡದು.
ಮುಕ್ತುಂಸಾಬ ನದಾಫರಿಗೆ ಇದನ್ನು ಹೇಗೆ ಹೇಳುವುದು,
ಇಪ್ಪತ್ತಾರು ವರ್ಷ ಈ ನೆಲದ ಕಸ ಹೊಡೆದವರಿಗೆ?
ಹೇಳಿದೆ.
"ಹೌದ ಬಿಡ್ರಿ ಅಕ್ಕಾರ, ನಾ ಏನ ರಾಜನ?" ಅಂದು
ನಕ್ಕು, ಕಸಬರಿಗೆ ಸಮೇತ ಮರೆಗೆ ಸರಿದರು.
ಆದರೂ ನಾಲ್ಕನೆಯ ತಿರುವಿಗೂ ಐದನೆಯದಕ್ಕೂ ನಡುವೆ
ಒಣ ಎಲೆಯೊಂದು ಉರುಳಿ ಬಂತು.
ತಡೆಯಲಾಗಲಿಲ್ಲ ಅವರಿಗೆ.

ರಾತ್ರಿ, ಶಿಗ್ಗಾವಿಯ ಲಾಡ್ಜು, ಫ್ಯಾನಿನ ಕಟಕಟ.
ಚಿತ್ರಕ್ಕೆ ಚಿತ್ರ ಹೊಲಿಯುತ್ತೇನೆ.
ನಾಲ್ಕರಲ್ಲಿ ಸಾಬರ ರುಮಾಲು, ಒಂದು ಭುಜ;
ಐದರಲ್ಲಿ ಬರೀ ಧೋತರ, ಕಸಬರಿಗೆ.
ತಂತ್ರಾಂಶ ಅವರನ್ನು ಸೀಳಿ ಸೀಳಿನಲ್ಲಿ
ಇಡೀ ಒಂದು ಕಂಬ ನಿಲ್ಲಿಸಿಬಿಟ್ಟಿದೆ.
ಅಳಿಸಿದೆ. ರುಮಾಲಿಗೆ ಹನ್ನೆರಡು ಸೆಕೆಂಡು ಸಾಕಾಯಿತು,
ಕಸಬರಿಗೆಗೆ ಅರ್ಧ ತಾಸು:
ಕಡ್ಡಿ ಕಡ್ಡಿಯೂ ನೆಲಕ್ಕೆ ನೆರಳು ಬಿಟ್ಟಿತ್ತು.

ಇನ್ನುಳಿದದ್ದು ಮುಕ್ಕಾಲಿ ನಿಂತ ಜಾಗ.
ಸುತ್ತೆಲ್ಲ ನೋಡುವ ಕಣ್ಣಿಗೆ
ತಾನು ಊರಿದ ಮೊರದಗಲ ನೆಲ ಕಾಣುವುದಿಲ್ಲ.
ಪಕ್ಕದ ಕಲ್ಲನ್ನೇ ಎತ್ತಿ ತಂದು ಮುಚ್ಚಿದೆ,
ಅಂಚು ತೀಡಿದೆ.
ಯಾರಿಗೂ ತಿಳಿಯದು.

ಆಗ ಕಂಡಿತು.
ಕಡೆದು ಕಡೆದು ಕನ್ನಡಿಯಾದ ಕಂಬದ ನಡುವಿಗೆ
ಬಳೆಯಂಥ ಉಬ್ಬಿನ ಮೇಲೆ, ಹುಣಸೆಬೀಜದಷ್ಟು,
ಎಲೆಗೆ ಬಾಗಿದ ಒಂದು ಆಕೃತಿ,
ಕ್ಯಾಮೆರಾದ ಹಿಂದೆ ಬಗ್ಗಿದ ಇನ್ನೊಂದು.
ಪಕ್ಕದ ಕಂಬದಲ್ಲೂ. ಅದರ ಪಕ್ಕದ್ದರಲ್ಲೂ.
ಅಳಿಸಲು ಬೆರಳಿಟ್ಟು, ತೆಗೆದೆ.
ಪುಣೆಯ ಪರೀಕ್ಷಕ ಕೇಳಿದ, ಕಂಬದ ಮೇಲೇನು ಕಲೆ?
ಕಲ್ಲಿನದು, ಅಂದೆ. ಹಳೆಯದು.

ಮೂರು ವಾರ ಬಿಟ್ಟು ಆ ಕನ್ನಡಕದ ಡಬ್ಬಿ ಹೊತ್ತು ಹೋದೆ.
ರುಮಾಲು ಬಿಚ್ಚಿಟ್ಟರು, ಪಟ್ಟಿ ಬಿಗಿದೆ.
ಅದೇ ಗುಡಿಯಲ್ಲಿ ಕೂತು ಅದೇ ಗುಡಿ ನೋಡಿದರು.
ಮೇಲೆ. ಸುತ್ತ. ಕಂಬ ಸವರಹೋದ ಕೈ
ಗಾಳಿಯಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತಿತು.
ಆಮೇಲೆ ಕೆಳಗೆ.

"ಅಕ್ಕಾರ, ನನ್ನ ಕಾಲ ಎಲ್ಲಿ?"
ಇದರೊಳಗೆ ಯಾರಿಗೂ ಇರೋದಿಲ್ಲರಿ.
"ನೆಲಕ್ಕ ಕಾಲ ಹತ್ತದವ್ರು ದೇವ್ರು, ಇಲ್ಲಾಂದ್ರ ದೆವ್ವ.
ನಾ ಯಾವ್ದು?"
ಈ ಸಲ ನಗಲಿಲ್ಲ. ಬಗ್ಗಿ ಬೆರಳಾಡಿಸಿದರು,
ಸರಿಯಾಗಿ ನಾನು ಮುಚ್ಚಿದಲ್ಲಿಗೇ.
"ಇಲ್ಲೊಂದು ಬಿರುಕ ಇತ್ತಲ್ಲ? ಇರಿವಿ ಸಾಲಿಂದು.
ಬಾಗಲಾ ಮುಚ್ಚಿದ್ರ ಅವು ಯಾ ಕಡೆಯಿಂದ ಹೊಕ್ಕಾವು?"

ಅವರ ಕಣ್ಣು ಡಬ್ಬಿಯೊಳಗೆ, ನನ್ನ ಕಣ್ಣು ನೆಲದಲ್ಲಿ:
ಅಲ್ಲೇ ಇತ್ತು, ಕೂದಲೆಳೆಯಂಥದ್ದು.
ಬಾಯಲ್ಲಿ ಬಿಳಿ ಕಾಳು ಕಚ್ಚಿ
ಒಂದರ ಹಿಂದೊಂದು ಇಳಿಯುತ್ತಿದ್ದವು.

ಹೊರಗೆ ನವಿಲು ಒದರಿತು.
ಸಾಬರು ದನಿ ಬಂದ ಕಡೆ ಮುಖ ತಿರುಗಿಸಿ
ಆ ಖಾಲಿ ಬೆಳಗಿನಲ್ಲಿ
ಹುಡುಕುತ್ತಲೇ ಇದ್ದರು.